ಎರಡನೆಯ ದನಿ: ಬೀಳಗಿಯ ಅಮೀರಬಾಯಿ ಕರ್ನಾಟಕಿ



ಮುದ್ದೇಬಿಹಾಳದಲ್ಲಿ ನನ್ನ ಕೈಯಲ್ಲಿ ಓದಿ ಈಗ ಪರದೇಶದಲ್ಲಿ ನೆಲೆಸಿರುವ ಶಿಷ್ಯನೊಬ್ಬ ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಪ್ರಶ್ನೆ ಕೇಳಿದ. ಅವರ ಬಳಗದ ಮದುವೆಯೊಂದರಲ್ಲಿ ಮಕ್ಕಳೆಲ್ಲ ‘ಗೋರೇ ಗೋರೇ ಓ ಬಾಂಕೇ ಛೋರೇ’ ಎಂಬ ಹಳೆಯ ಹಿಂದಿ ಹಾಡಿಗೆ ಕುಣಿದರಂತೆ. ಹಾಡು ಹಳೆಯದಾದರೂ ಯಾರೋ ಅದನ್ನು ಹೊಸ ಡ್ರಮ್ಮು ಗಿಟಾರುಗಳೊಡನೆ ಮತ್ತೆ ಹಾಡಿದ್ದರಂತೆ. “ಮೂಲದಲ್ಲಿ ಇದು ಲತಾ ಮಂಗೇಶ್ಕರರ ಹಾಡಲ್ಲವೇ ಗುರುಗಳೇ?” ಎಂಬುದು ಅವನ ಪ್ರಶ್ನೆ. ಅರ್ಧ ಹೌದು ಎಂದೆ. ಉಳಿದ ಅರ್ಧ ಯಾರದೆಂದು ಹೇಳಿದಾಗ ಅವನು ಕೆಲಹೊತ್ತು ಸುಮ್ಮನಿದ್ದು, “ನಮ್ಮ ಬೀಳಗಿಯೇ? ಕೊಲ್ಹಾರದ ಆಚೆಯ ಬೀಳಗಿಯೇ?” ಎಂದು ಕೇಳಿದ. ಅದೇ ಬೀಳಗಿ. ಅವನಿಗೆ ಫೋನಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಹಾಡಿನ ಸಂಗತಿ. ಇದು ಹುಟ್ಟಿದ್ದು ಮುಂಬಯಿಯಲ್ಲೂ ಅಲ್ಲ, ಭಾರತದಲ್ಲೂ ಅಲ್ಲ. 1945ರಲ್ಲಿ ಅಮೆರಿಕದಲ್ಲಿ ‘ಡಾಲ್ ಫೇಸ್’ ಎಂಬ ಚಲನಚಿತ್ರ ತಯಾರಾಯಿತು. ಅದರಲ್ಲಿ ಬ್ರೆಜಿಲ್ ದೇಶದ ಪ್ರಸಿದ್ಧ ಗಾಯಕಿ, ತಲೆಯ ಮೇಲೆ ಹಣ್ಣುಗಳ ಗೋಪುರವನ್ನೇ ಹೊತ್ತು ಕುಣಿಯುತ್ತಿದ್ದ ಕಾರ್ಮೆನ್ ಮಿರಾಂಡಾ, ‘ಚೀಕೋ ಚೀಕೋ’ ಎಂಬ ಹಾಡನ್ನು ಹಾಡಿದರು. ಅದರ ರಾಗಸಂಯೋಜಕರು ಜಿಮ್ಮಿ ಮ್ಯಾಕ್‌ಹ್ಯೂ, ಪದ ಬರೆದವರು ಹೆರಾಲ್ಡ್ ಆಡಮ್ಸನ್. ದಕ್ಷಿಣ ಅಮೆರಿಕದ ಕುಣಿತದ ಲಯ ಆಗ ಜಗತ್ತಿನ ದೊಡ್ಡ ನಗರಗಳ ಹೋಟೆಲುಗಳಲ್ಲೆಲ್ಲ ಹಬ್ಬುತ್ತಿತ್ತು. ಮುಂಬಯಿಯ ಹೋಟೆಲುಗಳಲ್ಲಿಯೂ ಗೋವಾದ ವಾದ್ಯಗಾರರು ರಾತ್ರಿ ಆ ಬಗೆಯ ಸಂಗೀತ ನುಡಿಸುತ್ತಿದ್ದರು. ಹಗಲು ಅವರೇ ಚಿತ್ರಸಂಗೀತದ ಸ್ಟುಡಿಯೋಗಳಿಗೆ ಬಂದು ಕುಳಿತುಕೊಳ್ಳುತ್ತಿದ್ದರು. ಪಾಶ್ಚಾತ್ಯ ಸ್ವರಲಿಪಿಯನ್ನು ಓದಬಲ್ಲವರು ಅವರೇ ಆದುದರಿಂದ ಹಿಂದಿ ಚಿತ್ರಗಳ ವಾದ್ಯಮೇಳದ ಬೆನ್ನೆಲುಬೂ ಅವರೇ ಆಗಿದ್ದರು. ತುತ್ತೂರಿ ನುಡಿಸುವುದರಲ್ಲಿ ಎತ್ತಿದ ಕೈಯಾದ ಚಿಕ್ ಚಾಕೊಲೇಟ್ ಎಂಬವರು ಅವರಲ್ಲಿ ಹೆಸರಾದವರು. ‘ಅಲಬೇಲಾ’ (1951) ಚಿತ್ರದಲ್ಲಿ ಅವರೂ ಅವರ ಬ್ಯಾಂಡಿನವರೂ ತೆರೆಯ ಮೇಲೆಯೇ ಕಾಣಿಸಿಕೊಳ್ಳುತ್ತಾರೆ. ಆ ಚಿತ್ರದ ಸಂಗೀತ ನಿರ್ದೇಶಕರು ಸಿ. ರಾಮಚಂದ್ರ. ಅಹ್ಮದನಗರ ಜಿಲ್ಲೆಯಿಂದ ಬಂದ ಈ ಮರಾಠಿಗರಿಗೆ ಹೊರಗಿನ ತಾಳವನ್ನು ಒಳಗಿನ ಧಾಟಿಗೆ ಒಗ್ಗಿಸುವ ವಿದ್ಯೆ ಚೆನ್ನಾಗಿ ಸಿದ್ಧಿಸಿತ್ತು. ‘ಚೀಕೋ ಚೀಕೋ’ದ ಎಳೆ ಹಿಡಿದು ಅವರು 1950ರ ‘ಸಮಾಧಿ’ ಚಿತ್ರಕ್ಕಾಗಿ ‘ಗೋರೇ ಗೋರೇ’ ಹೊಸೆದರು. ಪದಗಳು ರಾಜೇಂದ್ರ ಕೃಷ್ಣರವು.

ಹಾಡನ್ನು ಕದ್ದರೆಂದು ಮೂಗು ಮುರಿಯುವವರುಂಟು. ನಾನು ಆ ಪಂಗಡದವನಲ್ಲ. ನಮ್ಮ ಕಂಪನಿ ನಾಟಕದವರು ಮರಾಠಿ ನಾಟ್ಯಗೀತದ ಮಟ್ಟುಗಳನ್ನು ಧಾರಾಳವಾಗಿ ಎತ್ತಿಕೊಂಡರು. ಮರಾಠಿಯವರೂ ಅದಕ್ಕೂ ಮೊದಲು ನಮ್ಮ ಕಡೆಯಿಂದ ಎತ್ತಿಕೊಂಡಿದ್ದರು. ಹಾಡು ಕೈಯಿಂದ ಕೈಗೆ ಹೋಗುವ ವಸ್ತು. ಹಾಗೆ ಹೋಗುವಾಗ ನಡುವಿನ ಕೈಗಳು ಮರೆತುಹೋಗುತ್ತವಲ್ಲ, ಅದೊಂದೇ ನನ್ನ ದುಃಖ.

‘ಸಮಾಧಿ’ ನೇತಾಜಿಯವರ ಆಜಾದ್ ಹಿಂದ್ ಸೇನೆಯ ಹಿನ್ನೆಲೆಯ ಕಥೆ. ನಿರ್ದೇಶಕರು ರಮೇಶ್ ಸೈಗಲ್, ನಾಯಕ ಅಶೋಕ್ ಕುಮಾರ್. ಬ್ರಿಟಿಷರ ಪರ ಗೂಢಚಾರಿಕೆ ಮಾಡುವ ಇಬ್ಬರು ಸೋದರಿಯರಾಗಿ ನಳಿನಿ ಜಯವಂತ್ ಮತ್ತು ಕುಲ್‌ದೀಪ್ ಕೌರ್ ನಟಿಸಿದರು. ಹಾಡು ಅವರಿಬ್ಬರದು. ಆ ವರ್ಷ ದೊಡ್ಡ ಗಳಿಕೆ ಮಾಡಿದ ಚಿತ್ರಗಳಲ್ಲಿ ಅದೊಂದು. ಹಾಡಿನಲ್ಲಿ ಎರಡು ಹೆಣ್ಣುದನಿಗಳಿವೆ. ಒಂದು ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಲತಾ ಅವರದು, ದಾರದಂತೆ ನೇರ, ತಿಳಿಯಾದದ್ದು. ಇನ್ನೊಂದು ಅದಕ್ಕಿಂತ ತುಂಬು, ಸ್ವಲ್ಪ ಭಾರ, ನಾಟಕದ ರಂಗದ ಮೇಲೆ ಹದಗೊಂಡದ್ದು. ಆ ಎರಡನೆಯ ದನಿ ಅಮೀರಬಾಯಿ ಕರ್ನಾಟಕಿಯವರದು.

ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. 1997ರವರೆಗೆ ನಮ್ಮ ವಿಜಾಪುರ ಜಿಲ್ಲೆಯದೇ ಆಗಿತ್ತು. ಬಸವನ ಬಾಗೇವಾಡಿಯ ಕಡೆಯಿಂದ ಹೊರಟು, ಮೊಸರಿಗೆ ಹೆಸರಾದ ಕೊಲ್ಹಾರದಲ್ಲಿ ಕೃಷ್ಣೆಯ ಸೇತುವೆ ದಾಟಿದರೆ ಬೀಳಗಿಯ ಸೀಮೆ. ಅಲ್ಲಿ ಕಳೆದ ಶತಮಾನದ ಮೊದಲ ದಶಕಗಳಲ್ಲಿ, ಹಾಡು ಮತ್ತು ನಾಟಕಗಳನ್ನೇ ಬಾಳಾಗಿಸಿಕೊಂಡ ಬಡ ಮುಸ್ಲಿಂ ಕುಟುಂಬವೊಂದರಲ್ಲಿ ಅಮೀರಬಾಯಿ ಹುಟ್ಟಿದರು. ಅಕ್ಕತಂಗಿಯರಲ್ಲಿ ಇಬ್ಬರು ಹೊರಗೆ ಬೆಳಗಿದರು: ಗೋಹರಬಾಯಿ ಮತ್ತು ಅಮೀರಬಾಯಿ. ನಮ್ಮ ಭಾಗದ ವೃತ್ತಿ ನಾಟಕ ಕಂಪನಿಗಳಲ್ಲಿ ಹಾಡಿ ನಟಿಸಿಯೇ ಇಬ್ಬರೂ ಪಳಗಿದ್ದು. ಗೋಹರಬಾಯಿ ಮುಂದೆ ಮರಾಠಿ ರಂಗಭೂಮಿಯ ಮಹಾನ್ ಕಲಾವಿದ ಬಾಲಗಂಧರ್ವರ ಕಂಪನಿಯನ್ನು ಸೇರಿ ಅವರ ಬಾಳಸಂಗಾತಿಯೂ ಆದರು. ಹೆಣ್ಣಿನ ಪಾತ್ರಕ್ಕೆಂದೇ ಲೋಕವಿಖ್ಯಾತರಾಗಿದ್ದ ಗಂಡು ನಟನೊಡನೆ ಬೀಳಗಿಯ ಹೆಣ್ಣುಮಗಳು ರಂಗವನ್ನು ಹಂಚಿಕೊಂಡದ್ದು ಆ ಕಾಲದ ಪುಣೆ ಮುಂಬಯಿಗಳಲ್ಲಿ ಎಷ್ಟು ಕೋಲಾಹಲವೆಬ್ಬಿಸಿರಬೇಕು! ಅದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯುವೆ.

ಅಮೀರಬಾಯಿಯ ದಾರಿ ಗ್ರಾಮೋಫೋನಿನದು. ಹರೆಯದಲ್ಲಿಯೇ ಮುಂಬಯಿ ಸೇರಿದ ಆಕೆಗೆ ಎಚ್.ಎಂ.ವಿ. ಕಂಪನಿಗಾಗಿ ಹಾಡಿದ ಖವ್ವಾಲಿ ಮೊದಲ ಹೆಸರು ತಂದುಕೊಟ್ಟಿತು. 1934ರ ‘ವಿಷ್ಣುಭಕ್ತಿ’ಯಿಂದ ಚಿತ್ರರಂಗದ ಪ್ರವೇಶವಾಯಿತು. ಮೊದಲ ವರ್ಷಗಳು ಸಣ್ಣಪುಟ್ಟ ಪಾತ್ರಗಳಲ್ಲಿಯೇ ಕಳೆದವು. 1940ರ ‘ನರಸೀ ಭಗತ್’ ಚಿತ್ರದಲ್ಲಿ ವಿಷ್ಣುಪಂತ ಪಾಗನೀಸ್, ದುರ್ಗಾ ಖೋಟೆ ಅವರೊಡನೆ ಆಕೆಯೂ ಇದ್ದರು. ಆಕೆ ಹಾಡಿದ ‘ವೈಷ್ಣವ ಜನತೋ’ ಗಾಂಧೀಜಿಯವರಿಗೆ ಬಹು ಮೆಚ್ಚಾಗಿತ್ತೆಂಬ ಮಾತು ಆಕೆಯನ್ನು ಕುರಿತು ಬರೆದವರಲ್ಲೆಲ್ಲ ಬರುತ್ತದೆ.

ಇಲ್ಲಿ ಆಕೆಯ ಹೆಸರಿನ ವಿಷಯ ಸ್ವಲ್ಪ ಹೇಳಬೇಕು. ಇತಿಹಾಸದ ಮಾಸ್ತರನಿಗೆ ಇದು ಬಿಡಲಾಗದ ಸಂಗತಿ. ಮರಾಠಿ ನಾಡಿನಲ್ಲಿ ಊರಿನ ಹೆಸರಿಗೆ ‘ಕರ’ ಸೇರಿಸಿ ಮನೆತನದ ಹೆಸರು ಮಾಡಿಕೊಳ್ಳುವ ರೂಢಿ. ಆ ಲೆಕ್ಕದಲ್ಲಿ ಆಕೆ ಬೀಳಗಿಕರ ಆಗಬಹುದಿತ್ತು, ವಿಜಾಪುರಕರ ಆಗಬಹುದಿತ್ತು. ಅಕ್ಕತಂಗಿಯರು ಆಯ್ದುಕೊಂಡದ್ದು ‘ಕರ್ನಾಟಕಿ’. ಆಗ ಕರ್ನಾಟಕವೆಂಬ ರಾಜ್ಯ ಎಲ್ಲಿತ್ತು? ನಮ್ಮ ವಿಜಾಪುರ, ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತದಲ್ಲಿ, ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮರಲ್ಲಿ, ಬಳ್ಳಾರಿ, ಮಂಗಳೂರುಗಳು ಮದ್ರಾಸಿನಲ್ಲಿ, ಮೈಸೂರು ಅರಸರಲ್ಲಿ. ಆಲೂರ ವೆಂಕಟರಾಯರಂಥವರು ‘ಕರ್ನಾಟಕ’ ಎಂಬ ಶಬ್ದವನ್ನು ಜನರ ಕಿವಿಯಲ್ಲಿ ಊದಲು ಜೀವ ತೇಯುತ್ತಿದ್ದ ಕಾಲವದು. ಅದೇ ಕಾಲದಲ್ಲಿ ಮುಂಬಯಿಯಲ್ಲಿ ಅಚ್ಚಾದ ಧ್ವನಿಮುದ್ರಿಕೆಗಳ ಮೇಲೆ, ಕಲಕತ್ತೆಯ ಚಿತ್ರಮಂದಿರಗಳ ಜಾಹೀರಾತುಗಳಲ್ಲಿ, ಲಾಹೋರಿನ ಅಂಗಡಿಗಳಲ್ಲಿ ಈ ಶಬ್ದ ಸದ್ದಿಲ್ಲದೆ ಓಡಾಡುತ್ತಿತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹೆಸರನ್ನು ಮೊದಲೇ ಹೊತ್ತು ತಿರುಗಿದ ಹೆಣ್ಣುಮಗಳು ಆ ದಿನವನ್ನು ನೋಡಲು ಇರಲಿಲ್ಲ.

ಆಕೆಯ ಬಾಳು ಬದಲಾದದ್ದು 1943ರಲ್ಲಿ, ಬಾಂಬೆ ಟಾಕೀಸಿನ ‘ಕಿಸ್ಮತ್’ ಚಿತ್ರದಿಂದ. ಜ್ಞಾನ್ ಮುಖರ್ಜಿ ನಿರ್ದೇಶಿಸಿದ, ಅಶೋಕ್ ಕುಮಾರ್ ಜೇಬುಗಳ್ಳನ ಪಾತ್ರ ವಹಿಸಿದ ಈ ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಸಂಗೀತ ಅನಿಲ್ ಬಿಸ್ವಾಸರದು, ಪದಗಳು ಕವಿ ಪ್ರದೀಪರವು, ನಾಯಕಿ ಮುಮ್ತಾಜ್ ಶಾಂತಿಗೆ ದನಿ ಅಮೀರಬಾಯಿಯದು. ‘ಧೀರೇ ಧೀರೇ ಆ ರೇ ಬಾದಲ್’ ಎಂಬ ಜೋಗುಳದಂಥ ಹಾಡು, ‘ಘರ್ ಘರ್ ಮೇ ದಿವಾಲೀ ಹೈ’ ಎಂಬ, ಊರೆಲ್ಲ ದೀಪಗಳಿದ್ದರೂ ತನ್ನ ಮನೆಯಲ್ಲಿ ಕತ್ತಲೆಯೆಂಬ ಹಾಡು, ಇವೆಲ್ಲ ಅದರವೇ. ದೀಪಾವಳಿಯ ಅಮಾವಾಸ್ಯೆ ಬಂದಾಗ ನನಗೆ ಎಣ್ಣೆಯ ವಾಸನೆಯೊಡನೆ ಈ ಹಾಡಿನ ನೆನಪೂ ಬರುತ್ತದೆ.

ಅದರಲ್ಲಿಯೇ ಇನ್ನೊಂದು ಹಾಡಿತ್ತು: ‘ದೂರ್ ಹಟೋ ಏ ದುನಿಯಾವಾಲೋ’. ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಮುಖ್ಯ ದನಿಗಳು, ಹಿಂದೆ ಮೇಳ. ಕಾಲವನ್ನು ನೆನೆಯಿರಿ. 1942ರ ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಸಿಡಿದು ನಾಯಕರೆಲ್ಲ ಸೆರೆಯಲ್ಲಿದ್ದರು. ಅತ್ತ ಜಪಾನಿನ ಸೈನ್ಯ ಬರ್ಮಾದವರೆಗೆ ಬಂದು ನಿಂತಿತ್ತು. ದೂರ ಸರಿಯಿರಿ, ಈ ನೆಲ ನಮ್ಮದು ಎನ್ನುವ ಹಾಡನ್ನು ಸರಕಾರದ ಪರೀಕ್ಷಕರು ಹೇಗೆ ಬಿಟ್ಟರು? ಪ್ರದೀಪರ ಜಾಣ್ಮೆ ಅಲ್ಲಿದೆ. ಹಾಡಿನಲ್ಲಿ ಜರ್ಮನಿ, ಜಪಾನುಗಳ ಹೆಸರು ಬರುತ್ತದೆ. ಎಚ್ಚರಿಕೆ ಅವರಿಗೇ ಎಂಬಂತಿದೆ. ಪರೀಕ್ಷಕರು ಹಾಗೆಂದು ನಂಬಿ ಮುದ್ರೆ ಒತ್ತಿದರು. ಚಿತ್ರಮಂದಿರದಲ್ಲಿ ಕುಳಿತ ಜನ ಮಾತ್ರ ಒಂದು ಕ್ಷಣವೂ ತಪ್ಪು ತಿಳಿಯಲಿಲ್ಲ. ಪ್ರೇಕ್ಷಕರು ಮತ್ತೆ ಮತ್ತೆ ಕೇಳಿ ಆ ಹಾಡಿನ ಸುರುಳಿಯನ್ನು ಹಿಂದೆ ಸುತ್ತಿಸಿ ತೋರಿಸಬೇಕಾಗುತ್ತಿತ್ತು. ಬಂಧನದ ಭೀತಿಯಿಂದ ಕವಿ ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು. ಹಾಡಿದ ದನಿಯಂತೂ ಎಲ್ಲಿಯೂ ತಲೆಮರೆಸಿಕೊಳ್ಳಲಿಲ್ಲ. ಊರೂರಿನ ತಟ್ಟೆಗಳ ಮೇಲೆ ತಿರುಗುತ್ತಲೇ ಇತ್ತು. ಸ್ವಾತಂತ್ರ್ಯ ಹೋರಾಟದಲ್ಲಿ ವಿಜಾಪುರ ಜಿಲ್ಲೆಯ ಪಾಲನ್ನು ಕುರಿತು ನಾವು ಪಾಠ ಮಾಡುವಾಗ ಸೆರೆಗೆ ಹೋದವರ ಪಟ್ಟಿ ಹೇಳುತ್ತೇವೆ. ಅದು ಯೋಗ್ಯವೇ. ಆ ಪಟ್ಟಿಯ ಕೊನೆಗೆ ಈ ಮೂರು ನಿಮಿಷದ ಹಾಡನ್ನೂ ಸೇರಿಸಬೇಕೆಂದು ನನ್ನ ವಾದ.

ಮುಂದಿನ ನಾಲ್ಕೈದು ವರ್ಷ ಆಕೆಯವೇ. ‘ಭರ್ತೃಹರಿ’ (1944) ಚಿತ್ರದಲ್ಲಿ ಖೇಮಚಂದ ಪ್ರಕಾಶರ ಸಂಗೀತದಲ್ಲಿ ‘ಚಂದಾ ದೇಸ್ ಪಿಯಾ ಕೇ ಜಾ’, ಅದೇ ವರ್ಷದ ‘ರತನ್’ ಚಿತ್ರದಲ್ಲಿ ನೌಷಾದರ ‘ಮಿಲ್‌ಕೇ ಬಿಛಡ್ ಗಯೀ ಅಖಿಯಾಂ’. 1947ರ ಆಗಸ್ಟ್ 15ರಂದೇ ಬಿಡುಗಡೆಯಾದ ‘ಶಹನಾಯಿ’ ಚಿತ್ರಕ್ಕೆ ಸಿ. ರಾಮಚಂದ್ರರ ಸಂಗೀತದಲ್ಲಿ ‘ಮಾರ್ ಕಟಾರೀ ಮರ್ ಜಾನಾ’. ಮನೆಯ ಬಾಳು ಮಾತ್ರ ಹಾಡಿನಷ್ಟು ಸುಗಮವಾಗಿರಲಿಲ್ಲ. ನಟ ಹಿಮಾಲಯವಾಲಾ ಅವರೊಡನೆ ಆದ ಮೊದಲ ಮದುವೆ ಕಹಿಯಾಗಿ ಮುರಿಯಿತು. ಅನಂತರ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರೀ ಕಾಂಚವಾಲಾ ಅವರನ್ನು ವರಿಸಿದ ಮೇಲೆ ಬದುಕು ಸ್ಥಿರವಾಯಿತು.

ಇಷ್ಟು ಎತ್ತರಕ್ಕೇರಿದ ದನಿ ಎರಡು ಮೂರು ವರ್ಷಗಳಲ್ಲಿ ಬದಿಗೆ ಸರಿದದ್ದು ಹೇಗೆ? ‘ಲತಾ ಬಂದರು, ಉಳಿದವರು ಹೋದರು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. 1949ರಲ್ಲಿ ‘ಮಹಲ್’, ‘ಬರಸಾತ್’, ‘ಅಂದಾಜ್’ ಮೂರೂ ಬಂದು ಲತಾ ಅವರ ದನಿ ದೇಶವನ್ನು ತುಂಬಿತೆಂಬುದು ನಿಜ. ಆದರೆ ನನಗೆ ತೋರುವ ಕಾರಣ ಇನ್ನೂ ಒಂದಿದೆ. ಅಮೀರಬಾಯಿ, ಜೊಹರಾಬಾಯಿ ಅಂಬಾಲೇವಾಲಿ, ರಾಜಕುಮಾರಿ ಮೊದಲಾದವರ ಕಂಠಗಳು ಧ್ವನಿವರ್ಧಕವಿಲ್ಲದ ಕಾಲದ ಸಂಪ್ರದಾಯದವು. ಜಾತ್ರೆಯಲ್ಲಿ ಹಾಕಿದ ನಾಟಕದ ತಂಬುವಿನ ಕಟ್ಟಕಡೆಯ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ಪದ ಬಿಡಿಬಿಡಿಯಾಗಿ ಕೇಳಬೇಕು. ಗಾಳಿ ಬೀಸಿದರೂ ಕೇಳಬೇಕು, ಮಕ್ಕಳು ಅತ್ತರೂ ಕೇಳಬೇಕು. ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಯಲ್ಲಿ, ವಿಜಾಪುರದ ಸಿದ್ಧೇಶ್ವರನ ಸಂಕ್ರಾಂತಿ ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿದವರಿಗೆ ಈ ಮಾತು ವಿವರಿಸಬೇಕಿಲ್ಲ. ಅಂಥ ಕಂಠಕ್ಕೆ ಎದೆಯ ಬಲ ಬೇಕು, ಮೂಗಿನ ಕಂಪನವೂ ಸ್ವಲ್ಪ ಬೇಕು. ಮೈಕ್ರೋಫೋನುಗಳು ಸೂಕ್ಷ್ಮವಾಗುತ್ತ ಬಂದ ಹಾಗೆ ಆ ಬಲವೇ ಹೆಚ್ಚಾಯಿತೆಂಬ ಹಾಗಾಯಿತು. ಪಿಸುಮಾತನ್ನೂ ಹಿಡಿಯುವ ಯಂತ್ರಕ್ಕೆ ಪಿಸುಮಾತಿನಷ್ಟು ತೆಳುವಾದ ದನಿ ಸಾಕಿತ್ತು. ಲತಾ ಅವರ ತಂದೆ ದೀನಾನಾಥ ಮಂಗೇಶ್ಕರರೂ ನಾಟಕ ಕಂಪನಿ ನಡೆಸಿದವರೇ. ಮಗಳು ಹುಟ್ಟಿದ್ದು ಅದೇ ರಂಗದ ಮನೆಯಲ್ಲಿ. ಆದರೆ ಹಾಡಿದ್ದು ಹೊಸ ಯಂತ್ರಕ್ಕೆ.

ಆದ್ದರಿಂದಲೇ ‘ಗೋರೇ ಗೋರೇ’ ನನಗೆ ಬರಿಯ ಕುಣಿತದ ಹಾಡಾಗಿ ಕೇಳುವುದಿಲ್ಲ. ಹೋಗುತ್ತಿರುವ ಕಾಲವೂ ಬರುತ್ತಿರುವ ಕಾಲವೂ ಒಂದೇ ಮುದ್ರಣದಲ್ಲಿ ಎದುರುಬದುರು ನಿಂತು ಹಾಡಿವೆ. ಒಬ್ಬಳು ಕರೆಯುತ್ತಾಳೆ, ಇನ್ನೊಬ್ಬಳು ಓಗೊಡುತ್ತಾಳೆ. ಹಾಡಿನಲ್ಲಿ ಯಾರೂ ಸೋಲುವುದಿಲ್ಲ. ಸೋಲು ಆಮೇಲೆ ಬಂದದ್ದು, ಕೇಳುಗರ ನೆನಪಿನಲ್ಲಿ.

ಆ ಕಾಲದ ಮುದ್ರಿಕೆಗಳ ರೀತಿಯೂ ಮರೆವಿಗೆ ಸಹಾಯ ಮಾಡಿತೆನ್ನಬೇಕು. ತಟ್ಟೆಯ ಮೇಲೆ ಎಷ್ಟೋ ಸಲ ಹಾಡಿದವರ ಬದಲು ಚಿತ್ರದ ಪಾತ್ರದ ಹೆಸರೇ ಅಚ್ಚಾಗುತ್ತಿತ್ತು. ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ಮೊದಲು ಬಂದಾಗ ಅದರ ಮೇಲೆ ಲತಾ ಎಂದಿರಲಿಲ್ಲ, ‘ಕಾಮಿನಿ’ ಎಂದಿತ್ತು. ಲತಾ ಆಮೇಲೆ ಹೆಸರಿಗಾಗಿ ಹೋರಾಡಿ ಗೆದ್ದರು. ಅವರಿಗಿಂತ ಹಿಂದಿನವರಿಗೆ ಆ ಗೆಲುವಿನ ಫಲ ಸಿಗಲಿಲ್ಲ. 1950ರ ದಶಕದಲ್ಲಿ ಅಮೀರಬಾಯಿ ಹಾಡುವುದನ್ನು ಬಹುಮಟ್ಟಿಗೆ ಬಿಟ್ಟು ತಾಯಿ, ಅತ್ತೆಯಂಥ ಪೋಷಕ ಪಾತ್ರಗಳತ್ತ ಹೊರಳಿದರು.

ನಮ್ಮ ತಾಲೂಕುಗಳಿಗೆ ಈ ಹಾಡುಗಳು ತಲುಪಿದ ಬಗೆಯನ್ನು ಹೊಸ ತಲೆಮಾರಿನವರಿಗಾಗಿ ಹೇಳುವೆ. ಇಂಡಿಯವರಿಗೆ ರೈಲಿತ್ತು. ಸೊಲ್ಲಾಪುರ–ಗದಗ ಮೀಟರ್ ಗೇಜಿನ ಗಾಡಿ ಹಿಡಿದರೆ ಸೊಲ್ಲಾಪುರ ಹತ್ತಿರ. ಗಿರಣಿ ಕೆಲಸಕ್ಕೆ ಹೋದವರು ಹಬ್ಬಕ್ಕೆ ಮರಳುವಾಗ ಹೊಸ ಚಿತ್ರದ ಹಾಡನ್ನೂ ಬಾಯಲ್ಲಿ ತರುತ್ತಿದ್ದರು. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲಿಲ್ಲ. ಅಲ್ಲಿಗೆ ಹಾಡು ಬಸ್ಸಿನಲ್ಲಿ, ಟೂರಿಂಗ್ ಟಾಕೀಸಿನ ತಂಬುವಿನೊಡನೆ ತಡವಾಗಿ ಬರುತ್ತಿತ್ತು. ರೇಡಿಯೋ ಇದ್ದ ಮನೆ ಊರಿಗೆ ಎರಡೋ ಮೂರೋ. ಅದಕ್ಕೆ ಸರಕಾರದ ಲೈಸೆನ್ಸು ಬೇರೆ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿಯೇ ಆರಂಭವಾಗಿತ್ತಾದರೂ 1952ರಲ್ಲಿ ಸಚಿವ ಬಿ.ವಿ. ಕೇಸಕರರು ಆಕಾಶವಾಣಿಯಿಂದ ಚಿತ್ರಗೀತೆಗಳನ್ನು ಹೊರಗಟ್ಟಿದರು. ಶಾಸ್ತ್ರೀಯ ಸಂಗೀತ ಉಳಿಯಲೆಂಬ ಅವರ ಉದ್ದೇಶ ಒಳ್ಳೆಯದೇ ಇರಬಹುದು. ಪರಿಣಾಮವೆಂದರೆ ದೇಶಕ್ಕೆ ದೇಶವೇ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಕೇಳತೊಡಗಿತು. 1957ರಲ್ಲಿ ವಿವಿಧ ಭಾರತಿ ಬರುವವರೆಗೆ, ಬಂದ ಮೇಲೆಯೂ, ಸಿಲೋನಿನದೇ ರಾಜ್ಯಭಾರ.

ಅರವತ್ತರ ದಶಕದ ಆರಂಭದಲ್ಲಿ ವಿಜಾಪುರದಲ್ಲಿ ಓದುತ್ತಿದ್ದಾಗ ನಾವು ಕೆಲವರು ಬೆಳಗಿನ ಚಹಾ ಕುಡಿಯುವ ಅಂಗಡಿಯಲ್ಲಿ ಅಂಥದೊಂದು ರೇಡಿಯೋ ಇತ್ತು. ಏಳೂವರೆಯಿಂದ ಎಂಟರವರೆಗೆ ಸಿಲೋನಿನಿಂದ ಹಳೆಯ ಚಿತ್ರಗಳ ಹಾಡು. ಕೊನೆಯದು ಯಾವಾಗಲೂ ಸೈಗಲರದು. ಸೈಗಲ್ ಮುಗಿದರೆಂದರೆ ಸಾಲಿಗೆ ಓಡಬೇಕು. ಅದೇ ನಮ್ಮ ಗಡಿಯಾರ. ಒಂದು ದಿನ ಉದ್ಘೋಷಕರು ಉತ್ತರದ ಉಚ್ಚಾರದಲ್ಲಿ ‘ಅಮೀರಬಾಯಿ ಕರ್ನಾಟಕಿ’ ಎಂದರು. ಅಂಗಡಿಯ ಮುದುಕ ಕೆಟಲಿಯನ್ನು ಕೆಳಗಿಟ್ಟು, “ನಮ್ಮ ಬೀಳಗಿ ಹುಡುಗಿ” ಎಂದ. ಹುಡುಗಿ! ಆ ಹೊತ್ತಿಗೆ ಆಕೆ ಐವತ್ತರ ಹೆಂಗಸು. ಊರಿನವರ ಲೆಕ್ಕದಲ್ಲಿ ಹೊರಗೆ ಹೋದವರಿಗೆ ವಯಸ್ಸಾಗುವುದಿಲ್ಲ. ವಿಜಾಪುರದಲ್ಲಿ ಆಗ ಅಮೀರ್ ಟಾಕೀಸು ಎಂಬ ಚಿತ್ರಮಂದಿರವೂ ಇತ್ತು. ಅಮೀರ ಎಂದರೆ ಸಿರಿವಂತ, ಮಾಲಕ ಸಿರಿವಂತನಿರಬೇಕು ಎಂದು ಹಳ್ಳಿಯಿಂದ ಬಂದ ಬಹಳ ಮಂದಿ ತಿಳಿದಿದ್ದರು. ಅದು ಹಾಡುಗಾರ್ತಿಯೊಬ್ಬಳ ಹೆಸರೆಂದು ತಿಳಿದವರು ಕಡಿಮೆ.

1963ರ ಜನವರಿ 27ರಂದು, ಚೀನಾ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದಾಗ, ದೆಹಲಿಯಲ್ಲಿ ಪ್ರಧಾನಿ ನೆಹರೂ ಅವರ ಎದುರು ಲತಾ ಮಂಗೇಶ್ಕರರು ‘ಏ ಮೇರೇ ವತನ್ ಕೇ ಲೋಗೋ’ ಹಾಡಿದ್ದು ನಿಮಗೆಲ್ಲ ಗೊತ್ತಿದೆ. ಪದಗಳು ಕವಿ ಪ್ರದೀಪರವು, ಸಂಗೀತ ಸಿ. ರಾಮಚಂದ್ರರದು. ಪ್ರದೀಪರ ಇಪ್ಪತ್ತು ವರ್ಷ ಹಿಂದಿನ ದೇಶಭಕ್ತಿಗೀತೆಗೆ ದನಿಯಾದವರು ಅಮೀರಬಾಯಿ. ರಾಮಚಂದ್ರರ ‘ಶಹನಾಯಿ’ಗೂ ‘ಸಮಾಧಿ’ಗೂ ದನಿಯಾದವರು ಅವರೇ. ಆ ದಿನ ದೇಶವೇ ಕಣ್ಣೀರಿಟ್ಟಿತೆನ್ನುತ್ತಾರೆ. ಅಮೀರಬಾಯಿ ಆಗ ಬದುಕಿದ್ದರು.

1965ರ ಮಾರ್ಚ್ 3ರಂದು, ಪಾರ್ಶ್ವವಾಯು ಬಡಿದ ನಾಲ್ಕನೆಯ ದಿನ, ಆಕೆ ತೀರಿಕೊಂಡರು. ವಿಜಾಪುರದ ಮಣ್ಣಿನಲ್ಲಿಯೇ ಮಣ್ಣಾದರು. ಅದೇ ವರ್ಷ ‘ಗುಮ್‌ನಾಮ್’ ಎಂಬ ಚಿತ್ರ ಬಂತು. ಅದರಲ್ಲಿ ಟೆಡ್ ಲಿಯಾನ್ಸ್ ಮತ್ತು ಸಂಗಡಿಗರ ಗಿಟಾರ್ ಬ್ಯಾಂಡು ತೆರೆಯ ಮೇಲೆ ಕುಣಿಕುಣಿದು ನುಡಿಸುತ್ತದೆ. ಶಂಕರ್–ಜೈಕಿಶನರ ಆ ‘ಜಾನ್ ಪೆಹಚಾನ್ ಹೋ’ ಹಾಡು 2001ರಲ್ಲಿ ಅಮೆರಿಕದ ಚಿತ್ರವೊಂದರ ಆರಂಭದಲ್ಲಿ ಮತ್ತೆ ಕಾಣಿಸಿಕೊಂಡು ಅಲ್ಲಿಯ ಹುಡುಗರಿಗೂ ಹುಚ್ಚು ಹಿಡಿಸಿತು. ರಾಕ್ ಸಂಗೀತ ಹಿಂದಿ ಚಿತ್ರಕ್ಕೆ ಬಂದದ್ದು ಆಗಲೇ ಎಂದು ಕೆಲವರು ಬರೆಯುತ್ತಾರೆ. ಇನ್ನು ಕೆಲವರು ಸಿ. ರಾಮಚಂದ್ರರ ‘ಈನಾ ಮೀನಾ ಡೀಕಾ’ (1957) ಮೊದಲಿನದೆನ್ನುತ್ತಾರೆ. ಆ ಹೊಳೆಯನ್ನು ಮೇಲುಮೇಲಕ್ಕೆ ಹಿಡಿದು ನಡೆದರೆ ‘ಗೋರೇ ಗೋರೇ’ ಸಿಗುತ್ತದೆ, ಅದರ ದಂಡೆಯ ಮೇಲೆ ಬೀಳಗಿಯವರೊಬ್ಬರು ನಿಂತಿರುತ್ತಾರೆ.

ಕನ್ನಡದಲ್ಲಿ ಆಕೆಯನ್ನು ಕುರಿತು ಗಂಭೀರವಾಗಿ ಹುಡುಕಾಡಿ ಪುಸ್ತಕ ಬರೆದವರು ರಹಮತ್ ತರೀಕೆರೆಯವರು. ಹಳೆಯ ಮುದ್ರಿಕೆಗಳನ್ನು ಕೂಡಿಡುವ ಹವ್ಯಾಸಿಗಳು ದೇಶದ ತುಂಬ ಇದ್ದಾರೆ. ಅವರಲ್ಲಿ ಆಕೆಯ ಹೆಸರು ಗೌರವದಿಂದ ಕೇಳಿಬರುತ್ತದೆ. ಆದರೆ ಆಕೆಯನ್ನು ಮನೆಯವಳಂತೆ ಉಳಿಸಿಕೊಂಡವರು ಗುಜರಾತಿಗಳು. 1946ರಲ್ಲಿ ‘ರಾಣಕದೇವಿ’ ಎಂಬ ಗುಜರಾತಿ ಚಿತ್ರ ಬಂತು. ನಿರೂಪಾ ರಾಯ್ ಅವರ ಮೊದಲ ಚಿತ್ರ ಅದು. ಅದರಲ್ಲಿ ಅಮೀರಬಾಯಿ ಹಾಡಿದ ‘ಮಾರೇ ತೇ ಗಾಮಡೇ ಏಕ ವಾರ ಆವಜೋ’ ಆ ನಾಡಿನಲ್ಲಿ ಜಾನಪದದ ಹಾಗೆ ಹರಡಿತು. ತಲೆಮಾರಿನಿಂದ ತಲೆಮಾರಿಗೆ ಹೊಸ ಹೊಸ ಗಾಯಕರು ಅದನ್ನು ಹಾಡುತ್ತ ಬಂದಿದ್ದಾರೆ. ನಮ್ಮ ಹಳ್ಳಿಗೆ ಒಮ್ಮೆಯಾದರೂ ಬಾ ಎಂದು ಕರೆಯುವುದು ಅದರ ಅರ್ಥ. ಗುಜರಾತಿನ ಹಳ್ಳಿಗೆ ಕರೆದ ಆ ಕೊರಳು ಬೆಳೆದ ಸೀಮೆಯ ಎಷ್ಟೋ ಹಳ್ಳಿಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಪುನರ್ವಸತಿ ಕೇಂದ್ರಗಳಾಗಿ ಎದ್ದಿವೆ. ಆ ಹೊಸ ಊರುಗಳ ಮದುವೆಗಳಲ್ಲಿಯೂ ಈಗ ಧ್ವನಿವರ್ಧಕದಲ್ಲಿ ಹಿಂದಿ ಹಾಡು ಹಾಕುತ್ತಾರೆ.

ಶಿಷ್ಯನಿಗೆ ‘ಸಮಾಧಿ’ಯ ಮೂಲ ಮುದ್ರಣವನ್ನೇ ಹುಡುಕಿ ಕೇಳೆಂದು ಹೇಳಿದ್ದೆ. ಅಂತರಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಎರಡು ದಿನದ ಮೇಲೆ ಅವನಿಂದ ಸಂದೇಶ ಬಂತು: ಸಿಕ್ಕಿತಂತೆ, ಮಕ್ಕಳಿಗೂ ಕೇಳಿಸಿದನಂತೆ, ಎರಡರಲ್ಲಿ ಬೀಳಗಿಯದು ಯಾವುದು ಎಂದು ಕಿರಿಯ ಮಗಳು ಕೇಳಿದಳಂತೆ. ದಪ್ಪನೆಯ ದನಿ ಎಂದು ಬರೆದು ಕಳಿಸಿದೆ.